ಪೂರ್ಣಸೇತು ಇನ್ವರ್ಟರಿನಲ್ಲಿ ಟ್ರಾನ್ಸಿಸ್ಟರುಗಳ ನಾಶ: ಒಂದು ಕಾರ್ಯಕಾರಣ ವಿಚಾರ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಎಲೆಕ್ಟ್ರಾನಿಕ್ಸ್ ಕಾರ್ಯಶಾಲೆಯಲ್ಲಿಯೂ ಹೊಗೆ ಏಳುವುದುಂಟು. ಆದರೆ ಅಲ್ಲಿ ಹೊಗೆ ಎದ್ದ ಸ್ಥಳವೇ ದೋಷದ ಮೂಲಸ್ಥಾನವೆಂದು ನಿಶ್ಚಯಿಸುವವನು ಮೇಲಿಂದ ಮೇಲೆ ಮೋಸಹೋಗುತ್ತಾನೆ. ಉಚ್ಚ ವೋಲ್ಟೇಜಿನ ಪೂರ್ಣಸೇತು ಇನ್ವರ್ಟರನ್ನು ಕಟ್ಟುವವರ ಮತ್ತು ರಿಪೇರಿ ಮಾಡುವವರ ಅನುಭವವು ಇದಕ್ಕೆ ಒಳ್ಳೆಯ ನಿದರ್ಶನ. ಸುಟ್ಟ ಟ್ರಾನ್ಸಿಸ್ಟರನ್ನು ಕಿತ್ತು ಹೊಸದನ್ನು ಬೆಸೆಯುತ್ತಾರೆ. ಸ್ವಿಚ್ಚು ಒತ್ತಿದೊಡನೆ ಅದೂ ಸುಡುತ್ತದೆ. ಇನ್ನೊಂದನ್ನು ತರುತ್ತಾರೆ, ಅದಕ್ಕೂ ಅದೇ ಗತಿ. ಕೊನೆಗೆ ಅಂಗಡಿಯವನು ಕೊಟ್ಟ ಮಾಲೇ ಸರಿಯಿಲ್ಲವೆಂಬ ತೀರ್ಮಾನಕ್ಕೆ ಬರುತ್ತಾರೆ. ಇವರು ಪ್ರತಿಸಲವೂ ಬದಲಾಯಿಸಿದ್ದು ಕಾರ್ಯವನ್ನು. ಕಾರಣವು ಮಂಡಲದಲ್ಲಿ ಹಾಗೆಯೇ ಉಳಿದಿದೆ.

ವಿದ್ಯುತ್ತು ಹೋದಾಗ ಮನೆಯ ದೀಪವನ್ನುರಿಸುವ ಯಂತ್ರ, ಸೌರಫಲಕದ ವಿದ್ಯುತ್ತನ್ನು ಬಳಕೆಗೆ ಒದಗಿಸುವ ಪೆಟ್ಟಿಗೆ, ವೆಲ್ಡಿಂಗ್ ಯಂತ್ರ, ಆಸ್ಪತ್ರೆಯ ಎಕ್ಸ್‌ರೇ ಉಪಕರಣ ಇವುಗಳಲ್ಲೆಲ್ಲ ಈ ಸೇತುವೋ ಇದರ ಬಂಧುವೋ ಕೆಲಸ ಮಾಡುತ್ತಿರುತ್ತದೆ. ಪ್ರೌಢಶಾಲೆಯನ್ನು ಮುಗಿಸಿ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಿಗೆ ಹೋಗುವ ಬಾಲಕರ ಕೈಗೆ ಇವು ಬರುವ ದಿನ ದೂರವಿರುವುದಿಲ್ಲ. ಇಲ್ಲಿ ಅವಿಚಾರದಿಂದ ಹಣ ನಷ್ಟವಾಗುತ್ತದೆ. ಎಚ್ಚರ ತಪ್ಪಿದರೆ ಪ್ರಾಣವೇ ಹೋಗುತ್ತದೆ. ಆದಕಾರಣ ಈ ವಿಷಯವನ್ನು ಕ್ರಮವಾಗಿ ವಿಚಾರಿಸುವುದು ಯುಕ್ತವಾಗಿದೆ.

೧. ಸೇತುವಿನ ಸ್ವರೂಪ

ಏಕಮುಖ ಪ್ರವಾಹವನ್ನು ಪರ್ಯಾಯ ಪ್ರವಾಹವನ್ನಾಗಿ ಮಾರ್ಪಡಿಸುವ ಸಾಧನವೇ ಇನ್ವರ್ಟರು. ಪೂರ್ಣಸೇತುವಿನಲ್ಲಿ ನಾಲ್ಕು ಟ್ರಾನ್ಸಿಸ್ಟರುಗಳಿರುತ್ತವೆ. ಎಡಗಡೆ ಒಂದರ ಕೆಳಗೊಂದು ಎರಡು, ಬಲಗಡೆ ಒಂದರ ಕೆಳಗೊಂದು ಎರಡು. ಹೀಗೆ ಎರಡು ತೋಳುಗಳು. ಮೇಲಿನ ಎರಡೂ ಧನ ತಂತಿಗೆ, ಕೆಳಗಿನ ಎರಡೂ ಋಣ ತಂತಿಗೆ ಸೇರಿರುತ್ತವೆ. ಎರಡು ತೋಳುಗಳ ನಡುಬಿಂದುಗಳ ಮಧ್ಯದಲ್ಲಿ ಟ್ರಾನ್ಸ್‌ಫಾರ್ಮರು ಮೊದಲಾದ ಹೊರೆಯನ್ನು ಜೋಡಿಸುತ್ತಾರೆ. ಎಡ-ಮೇಲು ಮತ್ತು ಬಲ-ಕೆಳ ಟ್ರಾನ್ಸಿಸ್ಟರುಗಳು ತೆರೆದಾಗ ಹೊರೆಯಲ್ಲಿ ಪ್ರವಾಹವು ಒಂದು ದಿಕ್ಕಿಗೆ ಹರಿಯುತ್ತದೆ. ಅವು ಮುಚ್ಚಿ ಬಲ-ಮೇಲು ಮತ್ತು ಎಡ-ಕೆಳ ತೆರೆದಾಗ ವಿರುದ್ಧ ದಿಕ್ಕಿಗೆ ಹರಿಯುತ್ತದೆ. ಈ ಸರದಿಯು ಸೆಕೆಂಡಿಗೆ ೨೦ ಸಾವಿರ ಸಲ ನಡೆಯುವುದು ಸಾಮಾನ್ಯ.

ನಮ್ಮ ಮನೆಗಳ ೨೩೦ ವೋಲ್ಟಿನ ಪರ್ಯಾಯ ಪ್ರವಾಹವನ್ನು ಡಯೋಡುಗಳಿಂದ ಏಕಮುಖಗೊಳಿಸಿ ಕೆಪಾಸಿಟರಿನಲ್ಲಿ ತುಂಬಿದರೆ ಅದರ ಶಿಖರಮೌಲ್ಯವಾದ ೩೨೫ ವೋಲ್ಟ್ ದೊರೆಯುತ್ತದೆ. ಈ ವೋಲ್ಟೇಜನ್ನು ತಡೆಯುವ ಶಕ್ತಿ ಟ್ರಾನ್ಸಿಸ್ಟರಿಗೆ ಒಮ್ಮೆಗೇ ಬಂದುದಲ್ಲ. ೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಮೊದಲ ಟ್ರಾನ್ಸಿಸ್ಟರನ್ನು ರಚಿಸಿದರು. ಅವರಿಬ್ಬರೂ ಶಾಕ್ಲಿಯೂ ೧೯೫೬ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅದು ದುರ್ಬಲ ಸಂಕೇತಗಳನ್ನು ವರ್ಧಿಸುವ ಪುಟ್ಟ ಸಾಧನ. ನೂರಾರು ವೋಲ್ಟುಗಳನ್ನು ತಡೆದು, ಹತ್ತಾರು ಆಂಪಿಯರುಗಳನ್ನು ಹರಿಸುವ ಸಾಮರ್ಥ್ಯವು ಆಮೇಲಿನ ದಶಕಗಳಲ್ಲಿ ಮಾಸ್ಫೆಟ್ ಮತ್ತು ಐಜಿಬಿಟಿ ಎಂಬ ಪ್ರಭೇದಗಳಿಂದ ಒದಗಿತು. ೧೯೮೦ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದು ಐಜಿಬಿಟಿಯನ್ನು ಬಳಕೆಗೆ ತಂದವರಲ್ಲಿ ಅಗ್ರಗಣ್ಯರಾದ ಜಯಂತ ಬಾಳಿಗರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ೨೦೨೪ರಲ್ಲಿ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿಯು ಅವರಿಗೆ ಸಂದಿತು.

ಮಾಸ್ಫೆಟ್ಟಿಗೆ ಗೇಟ್, ಡ್ರೈನ್, ಸೋರ್ಸ್ ಎಂದು ಮೂರು ಕಾಲುಗಳು. ಗೇಟಿಗೂ ಸೋರ್ಸಿಗೂ ನಡುವೆ ೧೦ರಿಂದ ೧೫ ವೋಲ್ಟ್ ಕೊಟ್ಟರೆ ಬಾಗಿಲು ಪೂರ್ಣ ತೆರೆಯುತ್ತದೆ. ೨ರಿಂದ ೪ ವೋಲ್ಟಿನ ಹೊಸ್ತಿಲಿಗಿಂತ ಕಡಿಮೆಯಾದರೆ ಮುಚ್ಚುತ್ತದೆ. ಸಾಮಾನ್ಯ ಮಾಸ್ಫೆಟ್ಟುಗಳಲ್ಲಿ ೨೦ ವೋಲ್ಟ್ ಮೀರಿದರೆ ಗೇಟಿನ ತೆಳುಪೊರೆ ಹರಿದು ಟ್ರಾನ್ಸಿಸ್ಟರು ಸಾಯುತ್ತದೆ. ೩೨೫ ವೋಲ್ಟಿನ ಪ್ರವಾಹವನ್ನು ಆಳುವ ಬಾಗಿಲಿನ ಬೀಗವು ಇಷ್ಟು ಸುಕುಮಾರವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಮುಂದಿನ ಸಕಲ ವಿಚಾರಕ್ಕೂ ಇದೇ ಬೀಜ.

೨. ಪರೀಕ್ಷೆಗೆ ಮುನ್ನ ಪ್ರಾಣರಕ್ಷಣೆ

ವಿದ್ಯುತ್ತನ್ನು ತೆಗೆದರೂ ಮಂಡಲವು ನಿರ್ಜೀವವಾಗುವುದಿಲ್ಲ. ೧೦೦೦ ಮೈಕ್ರೋಫ್ಯಾರಡಿನ ಕೆಪಾಸಿಟರಿನಲ್ಲಿ ೩೨೫ ವೋಲ್ಟ್ ನಿಂತಿದ್ದರೆ ಅದರಲ್ಲಿ ಸುಮಾರು ೫೩ ಜೂಲ್ ಶಕ್ತಿ ಅಡಗಿರುತ್ತದೆ. ಅದು ಮನುಷ್ಯನನ್ನು ಕೊಲ್ಲಲು ಸಾಕು. ಅದಕ್ಕೆ ೧ ಲಕ್ಷ ಓಮಿನ ರೋಧಕವನ್ನು ಸದಾಕಾಲ ಜೋಡಿಸಿದ್ದರೂ ವೋಲ್ಟೇಜು ೧೨೦ಕ್ಕೆ ಇಳಿಯಲು ೧೦೦ ಸೆಕೆಂಡು ಬೇಕು. ೨ ವೋಲ್ಟಿಗೆ ಇಳಿಯಲು ಎಂಟು ನಿಮಿಷ ಮೀರುತ್ತದೆ. ಆದುದರಿಂದ ಮುಖ್ಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಹಿಡಿಕೆಗೆ ಒಳ್ಳೆಯ ಅವಾಹಕವುಳ್ಳ ಕೋಲಿಗೆ ಕಟ್ಟಿದ ಎರಡು ಸಾವಿರ ಓಮಿನ ತಂತಿಸುತ್ತಿನ ರೋಧಕದಿಂದ ಕೆಪಾಸಿಟರನ್ನು ಬರಿದು ಮಾಡಬೇಕು. ಬಳಿಕ ಮಲ್ಟಿಮೀಟರಿನಿಂದ ಅಳೆದು ಸೊನ್ನೆಯೆಂದು ಕಂಡ ಮೇಲೆಯೇ ಕೈಯಿಡಬೇಕು. ಸ್ಕ್ರೂಡ್ರೈವರಿನ ತುದಿಯಿಂದ ಕಿಡಿ ಹಾರಿಸಿ ಬರಿದು ಮಾಡುವ ಪದ್ಧತಿ ಕೆಲವೆಡೆ ಉಂಟು. ಅದು ಕಣ್ಣಿಗೂ ಕೆಪಾಸಿಟರಿಗೂ ಕೇಡು.

ಎರಡನೆಯ ಎಚ್ಚರಿಕೆಯು ಆಸಿಲೋಸ್ಕೋಪಿನದು. ಅದರ ಪ್ರೋಬಿನ ಮೊಸಳೆ ಕ್ಲಿಪ್ಪು ಒಳಗಿನಿಂದ ಭೂಸಂಪರ್ಕ ಹೊಂದಿರುತ್ತದೆ. ಮನೆಯ ವಿದ್ಯುತ್ತಿನಿಂದ ನೇರವಾಗಿ ಪಡೆದ ಸೇತುವಿನ ಯಾವ ತಂತಿಗೆ ಆ ಕ್ಲಿಪ್ಪನ್ನು ಸಿಕ್ಕಿಸಿದರೂ ಶಾರ್ಟ್ ಆಗುತ್ತದೆ. ಉಪಕರಣದ ಭೂತಂತಿಯನ್ನು ಕತ್ತರಿಸಿ ಇದರಿಂದ ಪಾರಾಗುವವರು ಉಪಕರಣದ ಮೈಗೇ ೩೦೦ ವೋಲ್ಟನ್ನು ಏರಿಸಿ ತಮಗೆ ತಾವೇ ಮೃತ್ಯುವನ್ನು ಆಹ್ವಾನಿಸುತ್ತಾರೆ. ಮಂಡಲಕ್ಕೆ ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ಮೂಲಕ ವಿದ್ಯುತ್ ಕೊಡುವುದು, ಎರಡು ಬಿಂದುಗಳ ಅಂತರವನ್ನಷ್ಟೇ ಅಳೆಯುವ ಡಿಫರೆನ್ಷಿಯಲ್ ಪ್ರೋಬನ್ನು ಬಳಸುವುದು ಇವೇ ಸನ್ಮಾರ್ಗ.

೩. ಶವಪರೀಕ್ಷೆ

ಸತ್ತ ಟ್ರಾನ್ಸಿಸ್ಟರು ಬಹುಮಟ್ಟಿಗೆ ಅಪರಾಧಿಯಾಗಿರದೆ ಸಾಕ್ಷಿಯಾಗಿರುತ್ತದೆ. ಆದುದರಿಂದ ಅದನ್ನು ಎಸೆಯುವುದಕ್ಕೆ ಮೊದಲು ಯಾವುವು ಸತ್ತಿವೆ, ಯಾವಾಗ ಸತ್ತವು ಎಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ಒಂದೇ ತೋಳಿನ ಮೇಲು ಕೆಳಗಿನ ಎರಡೂ ಸತ್ತಿದ್ದರೆ ಅವೆರಡೂ ಏಕಕಾಲದಲ್ಲಿ ತೆರೆದು ಧನದಿಂದ ಋಣಕ್ಕೆ ಪ್ರವಾಹವು ನೇರವಾಗಿ ಧುಮ್ಮಿಕ್ಕಿರಬಹುದು. ಕರ್ಣದ ಎರಡು ತುದಿಗಳು ಸತ್ತಿದ್ದರೆ ಹೊರೆಯ ಕಡೆ ಶಾರ್ಟ್ ಆಗಿರಬಹುದು, ಅಥವಾ ಟ್ರಾನ್ಸ್‌ಫಾರ್ಮರಿನ ತಿರುಳು ಒಂದೇ ದಿಕ್ಕಿನಲ್ಲಿ ಕಾಂತತೆಯನ್ನು ಕೂಡಿಟ್ಟುಕೊಂಡು ತುಂಬಿಹೋಗಿರಬಹುದು. ನಾಲ್ಕೂ ಸತ್ತಿದ್ದರೆ ಗೇಟುಗಳಿಗೆ ಶಕ್ತಿ ಕೊಡುವ ೧೨ ಅಥವಾ ೧೫ ವೋಲ್ಟಿನ ಮೂಲವೇ ಕುಸಿದು, ಬಾಗಿಲುಗಳು ಅರ್ಧ ತೆರೆದು ಬೆಂದಿರುವ ಸಂಭವವಿದೆ.

ಕಾಲವೂ ಸುಳಿವು ಕೊಡುತ್ತದೆ. ಸ್ವಿಚ್ಚು ಒತ್ತಿದ ಕ್ಷಣದಲ್ಲಿಯೇ ಸತ್ತರೆ ಚಾಲಕ ಮಂಡಲವು ಸಿದ್ಧವಾಗುವ ಮೊದಲೇ ಉಚ್ಚ ವೋಲ್ಟೇಜು ಬಂದಿದೆಯೇ ಎಂದು ನೋಡಬೇಕು. ಆರಿಸುವಾಗ ಸತ್ತರೆ ಚಾಲಕ ವೋಲ್ಟೇಜು ಮೊದಲು ಇಳಿದು ಉಚ್ಚ ವೋಲ್ಟೇಜು ಉಳಿದುಕೊಂಡಿದೆಯೇ ಎಂದು ಪರೀಕ್ಷಿಸಬೇಕು. ಅರ್ಧ ಗಂಟೆ ನಡೆದ ಮೇಲೆ ಸತ್ತರೆ ಶಾಖವನ್ನು ಸಂದೇಹಿಸಬೇಕು.

ಇವು ಸುಳಿವುಗಳು ಮಾತ್ರ, ಸಿದ್ಧಾಂತವಲ್ಲ. ಏಕೆಂದರೆ ಮೇಲಿನ ಟ್ರಾನ್ಸಿಸ್ಟರು ಯಾವುದೋ ಕಾರಣದಿಂದ ಸತ್ತು ಶಾರ್ಟ್ ಆದರೆ, ಮರುಕ್ಷಣವೇ ನಿಯಮದಂತೆ ತೆರೆಯುವ ಕೆಳಗಿನ ನಿರಪರಾಧಿಯೂ ಅದೇ ದಾರಿಯನ್ನು ಹಿಡಿಯುತ್ತದೆ. ಎರಡು ಶವಗಳು ಕಂಡ ಮಾತ್ರಕ್ಕೆ ಎರಡೂ ಒಂದೇ ಕಾರಣದಿಂದ ಸತ್ತುವೆಂದರೆ ಹೇತ್ವಾಭಾಸವಾಗುತ್ತದೆ. ಹಾಗೆಯೇ ಅನ್ನದ ಒಂದು ಅಗುಳನ್ನು ಹಿಚುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವ ಸ್ಥಾಲೀಪುಲಾಕ ನ್ಯಾಯವೂ ಇಲ್ಲಿ ಸಲ್ಲದು. ನಾಲ್ಕು ಟ್ರಾನ್ಸಿಸ್ಟರು, ನಾಲ್ಕು ಗೇಟ್ ರೋಧಕ, ಅವುಗಳ ಚಾಲಕ ಐಸಿಗಳು ಇವೆಲ್ಲವನ್ನೂ ಒಂದೊಂದಾಗಿ ಅಳೆಯಬೇಕು. ಟ್ರಾನ್ಸಿಸ್ಟರಿನ ಒಳಪೊರೆ ಹರಿದಾಗ ಡ್ರೈನಿನ ೩೨೫ ವೋಲ್ಟ್ ಗೇಟಿನ ಮೂಲಕ ಹಿಂದಕ್ಕೆ ನುಗ್ಗಿ ಚಾಲಕ ಐಸಿಯನ್ನೂ ಕೊಂದಿರುತ್ತದೆ. ಹೊರಗೆ ಒಂದು ಬಿರುಕೂ ಕಾಣದ ಆ ಸತ್ತ ಐಸಿಯೇ ಮುಂದಿನ ಹೊಸ ಟ್ರಾನ್ಸಿಸ್ಟರಿನ ಸಾವಿಗೆ ಕಾರಣವಾಗುತ್ತದೆ.

೪. ಪ್ರಧಾನ ಕಾರಣಗಳು

ಮೊದಲನೆಯದು ಒಂದೇ ತೋಳಿನ ಎರಡು ಬಾಗಿಲುಗಳ ಏಕಕಾಲೋದ್ಘಾಟನೆ. ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವುದಕ್ಕೆ ಮುನ್ನ ಎರಡೂ ಮುಚ್ಚಿರುವ ಒಂದು ಅಲ್ಪಕಾಲವನ್ನು ಬಿಡಬೇಕು. ಇದಕ್ಕೆ ಡೆಡ್ ಟೈಮ್ ಎಂದು ಹೆಸರು, ವಿರಾಮಕಾಲವೆಂದು ಕರೆಯಬಹುದು. ೨೦ ಕಿಲೋಹರ್ಟ್ಸಿನಲ್ಲಿ ಅರ್ಧ ಆವರ್ತಕ್ಕೆ ೨೫ ಮೈಕ್ರೋಸೆಕೆಂಡು ದೊರೆಯುತ್ತದೆ; ಅದರಲ್ಲಿ ೧ ಮೈಕ್ರೋಸೆಕೆಂಡನ್ನು ವಿರಾಮಕ್ಕೆ ಕೊಟ್ಟರೆ ನಷ್ಟ ಶೇಕಡಾ ೪ ಮಾತ್ರ. ಪ್ರಸಿದ್ಧವಾದ ಐಆರ್ ೨೧೧೦ ಚಾಲಕ ಐಸಿಯು ತಾನಾಗಿ ಈ ವಿರಾಮವನ್ನು ಕೊಡುವುದಿಲ್ಲ. ಅದಕ್ಕೆ ಸಂಕೇತ ಕಳುಹಿಸುವ ಮಂಡಲವೇ ಕೊಡಬೇಕು. ವಿರಾಮವಿಲ್ಲದಿದ್ದರೆ ಪ್ರವಾಹಕ್ಕೆ ತಡೆಯೆಂದರೆ ಟ್ರಾನ್ಸಿಸ್ಟರುಗಳ ಸ್ವಂತ ರೋಧ ಮತ್ತು ತಂತಿಗಳ ಅಲ್ಪ ಪ್ರೇರಕತ್ವ ಇಷ್ಟೇ. ಇಲ್ಲಿ ಫ್ಯೂಸು ಕಾಯುತ್ತದೆಂದು ನಂಬುವುದು ಭ್ರಮೆ. ಫ್ಯೂಸು ಕರಗಲು ಮಿಲಿಸೆಕೆಂಡುಗಳು ಬೇಕು. ಟ್ರಾನ್ಸಿಸ್ಟರು ಮೈಕ್ರೋಸೆಕೆಂಡುಗಳಲ್ಲಿ ಸಾಯುತ್ತದೆ. ಫ್ಯೂಸು ಮನೆಯನ್ನು ಬೆಂಕಿಯಿಂದ ಕಾಯುವುದೇ ಹೊರತು ಟ್ರಾನ್ಸಿಸ್ಟರನ್ನು ಕಾಯುವುದಿಲ್ಲ.

ಎರಡನೆಯದು ಸುಳ್ಳು ಜಾಗೃತಿ. ಮೇಲಿನ ಟ್ರಾನ್ಸಿಸ್ಟರು ತೆರೆದಾಗ ತೋಳಿನ ನಡುಬಿಂದುವು ಸೊನ್ನೆಯಿಂದ ೩೨೫ ವೋಲ್ಟಿಗೆ ಮಿಂಚಿನಂತೆ ನೆಗೆಯುತ್ತದೆ. ಕೆಳಗಿನ ಟ್ರಾನ್ಸಿಸ್ಟರಿನ ಡ್ರೈನಿಗೂ ಗೇಟಿಗೂ ನಡುವೆ ಸ್ವಭಾವಸಿದ್ಧವಾದ ಒಂದು ಪುಟ್ಟ ಧಾರಕತೆಯಿದೆ. ಅದು ೫೦ ಪಿಕೋಫ್ಯಾರಡ್ ಎಂದಿಟ್ಟುಕೊಂಡು, ವೋಲ್ಟೇಜು ನ್ಯಾನೋಸೆಕೆಂಡಿಗೆ ೫ ವೋಲ್ಟಿನಂತೆ ಏರಿದರೆ, ಆ ಧಾರಕತೆಯ ಮೂಲಕ ಕಾಲು ಆಂಪಿಯರ್ ಪ್ರವಾಹವು ಗೇಟಿಗೆ ನುಸುಳುತ್ತದೆ. ಅದು ೨೨ ಓಮಿನ ಗೇಟ್ ರೋಧಕದ ಮೂಲಕ ಹೊರಹೋಗಬೇಕಾದರೆ ಗೇಟಿನಲ್ಲಿ ೫.೫ ವೋಲ್ಟ್ ಏಳುತ್ತದೆ. ಇದು ಹೊಸ್ತಿಲನ್ನು ದಾಟಿದ ವೋಲ್ಟೇಜು. ಯಾರೂ ಕರೆಯದೆ ಕೆಳಗಿನ ಟ್ರಾನ್ಸಿಸ್ಟರು ಎಚ್ಚರಗೊಳ್ಳುತ್ತದೆ. ಚಾಲಕದ ಸಂಕೇತದಲ್ಲಿ ವಿರಾಮಕಾಲವು ಸರಿಯಾಗಿದ್ದರೂ ಎರಡೂ ಬಾಗಿಲು ತೆರೆದೇ ತೆರೆಯುತ್ತವೆ.

ಮೂರನೆಯದು ತಂತಿಯ ಉದ್ದ. ಸೆಂಟಿಮೀಟರಿಗೆ ಸುಮಾರು ೧೦ ನ್ಯಾನೋಹೆನ್ರಿಯಂತೆ ೩೦ ಸೆಂಟಿಮೀಟರ್ ತಂತಿಯಲ್ಲಿ ೩೦೦ ನ್ಯಾನೋಹೆನ್ರಿ ಪ್ರೇರಕತ್ವವಿರುತ್ತದೆ. ೨೦ ಆಂಪಿಯರ್ ಪ್ರವಾಹವನ್ನು ೫೦ ನ್ಯಾನೋಸೆಕೆಂಡಿನಲ್ಲಿ ಕಡಿದರೆ ಅದರಲ್ಲಿ ೧೨೦ ವೋಲ್ಟಿನ ಮುಳ್ಳು ಏಳುತ್ತದೆ. ೩೨೫ಕ್ಕೆ ೧೨೦ ಸೇರಿದರೆ ೪೪೫. ೫೦೦ ವೋಲ್ಟಿನ ಟ್ರಾನ್ಸಿಸ್ಟರು ಇದನ್ನು ಸಹಿಸುತ್ತದೆ. ಆದರೆ ರಾತ್ರಿ ಹೊತ್ತಿನಲ್ಲಿ ಊರಿನ ವೋಲ್ಟೇಜು ೨೬೦ಕ್ಕೆ ಏರಿತೆನ್ನಿ. ಆಗ ಶಿಖರವು ೩೬೮, ಮುಳ್ಳು ಸೇರಿ ೪೮೮. ಹಗಲೆಲ್ಲ ದುಡಿದ ಯಂತ್ರವು ರಾತ್ರಿ ಕಾರಣವಿಲ್ಲದೆ ಸತ್ತಿತೆಂದು ಜನ ಹೇಳುವುದರ ಹಿಂದೆ ಈ ಲೆಕ್ಕವಿರಬಹುದು. ಆದಕಾರಣ ಸೇತುವಿನ ಬುಡದಲ್ಲಿಯೇ ಒಂದು ಫಿಲ್ಮ್ ಕೆಪಾಸಿಟರನ್ನು ಕೂರಿಸಿ ತಂತಿಗಳನ್ನು ಆದಷ್ಟು ಮೊಟಕುಗೊಳಿಸಬೇಕು.

ನಾಲ್ಕನೆಯದು ಶಾಖ. ೦.೮೫ ಓಮ್ ರೋಧವುಳ್ಳ ಮಾಸ್ಫೆಟ್ಟಿನಲ್ಲಿ ೫ ಆಂಪಿಯರ್ ಹರಿದಾಗ ೨೧ ವ್ಯಾಟ್ ಶಾಖ ಹುಟ್ಟುತ್ತದೆ. ಬಿಸಿಯೇರಿದಂತೆ ಆ ರೋಧವೇ ಸುಮಾರು ಇಮ್ಮಡಿಯಾಗುವುದರಿಂದ ಶಾಖವೂ ಇಮ್ಮಡಿಸುತ್ತದೆ. ಹೀಟ್ ಸಿಂಕಿಗೆ ಪೇಸ್ಟು ಹಚ್ಚದಿರುವುದು, ಸ್ಕ್ರೂ ಸಡಿಲವಾಗಿರುವುದು, ಅಭ್ರಕದ ಹಾಳೆ ಹರಿದಿರುವುದು ಇವು ಕ್ಷುಲ್ಲಕವಾಗಿ ತೋರುವ ಮಹಾದೋಷಗಳು. ಬಹುಪಾಲು ಟ್ರಾನ್ಸಿಸ್ಟರುಗಳ ಲೋಹದ ಬೆನ್ನು ಡ್ರೈನಿಗೆ ಸೇರಿರುವುದರಿಂದ, ಅಭ್ರಕ ಹರಿದರೆ ಹೀಟ್ ಸಿಂಕಿನ ಮೂಲಕವೇ ಶಾರ್ಟ್ ಆಗುತ್ತದೆ.

೫. ಒಂದು ದೃಷ್ಟಾಂತ

ಮೇಲಿನ ತತ್ತ್ವಗಳು ಒಂದರೊಡನೊಂದು ಹೆಣೆದುಕೊಳ್ಳುವ ಬಗೆಯನ್ನು ತಿಳಿಯಲು ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ವಿದ್ಯಾರ್ಥಿಯು ಐಆರ್‌ಎಫ್ ೮೪೦ ಎಂಬ ೫೦೦ ವೋಲ್ಟ್, ೮ ಆಂಪಿಯರಿನ ನಾಲ್ಕು ಮಾಸ್ಫೆಟ್ಟುಗಳಿಂದ ಸೇತುವನ್ನು ಕಟ್ಟುತ್ತಾನೆ. ಗೇಟ್ ರೋಧಕಗಳು ೨೨ ಓಮಿನವು. ಗೇಟಿನ ತಂತಿಗಳು ೨೦ ಸೆಂಟಿಮೀಟರ್ ಉದ್ದ. ವಿರಾಮಕಾಲ ೩೦೦ ನ್ಯಾನೋಸೆಕೆಂಡು. ೩೦ ವೋಲ್ಟಿನಲ್ಲಿ ಯಂತ್ರವು ಸೊಗಸಾಗಿ ನಡೆಯುತ್ತದೆ. ೩೨೫ ವೋಲ್ಟ್ ಕೊಟ್ಟೊಡನೆ ಎಡತೋಳಿನ ಎರಡೂ ಸಿಡಿಯುತ್ತವೆ.

ಅವನು ಎರಡು ಹೊಸ ಟ್ರಾನ್ಸಿಸ್ಟರುಗಳನ್ನು ಹಾಕುತ್ತಾನೆ. ಈ ಸಲ ೩೦ ವೋಲ್ಟಿನಲ್ಲಿಯೇ ಶಾರ್ಟ್ ಆಗುತ್ತವೆ. ಚಾಲಕ ಐಸಿ ಸತ್ತದ್ದನ್ನು ಅವನು ಗಮನಿಸಿರಲಿಲ್ಲ. ಐಸಿಯನ್ನೂ ಬದಲಾಯಿಸುತ್ತಾನೆ, ಮತ್ತೆ ೩೦ರಲ್ಲಿ ಸುಖ, ೩೨೫ರಲ್ಲಿ ಮರಣ. ಟ್ರಾನ್ಸಿಸ್ಟರಿಗೆ ಬಲ ಸಾಲದೆಂದು ಬಗೆದು ೨೦ ಆಂಪಿಯರಿನ ಐಆರ್‌ಎಫ್‌ಪಿ ೪೬೦ನ್ನು ತರುತ್ತಾನೆ. ದುಬಾರಿಯಾದ ಆ ಬಲಶಾಲಿಗಳು ಮೊದಲಿನವಕ್ಕಿಂತಲೂ ಬೇಗ, ಕಡಿಮೆ ವೋಲ್ಟೇಜಿನಲ್ಲಿಯೇ ಸಾಯುತ್ತವೆ. ಎಂಟು ಟ್ರಾನ್ಸಿಸ್ಟರುಗಳು ಹೋದುವು. ಜ್ಞಾನ ಒಂದಿಷ್ಟೂ ಬೆಳೆಯಲಿಲ್ಲ.

ಈಗ ಗುರುವು ಬಂದು ಬೆಸುಗೆಕಡ್ಡಿಯನ್ನು ಕೆಳಗಿಡಿಸಿ ಮೂರು ಪ್ರಶ್ನೆಗಳನ್ನು ಕೇಳುತ್ತಾನೆ.

ಬಲಶಾಲಿಯು ಬೇಗ ಸತ್ತದ್ದೇಕೆ? ದೊಡ್ಡ ಟ್ರಾನ್ಸಿಸ್ಟರಿನ ಗೇಟಿಗೆ ತುಂಬಬೇಕಾದ ಮತ್ತು ಬರಿದು ಮಾಡಬೇಕಾದ ವಿದ್ಯುದಂಶ ಹೆಚ್ಚು. ಮುಚ್ಚುವ ವೇಳೆಯಲ್ಲಿ ಗೇಟಿನಿಂದ ತೆಗೆಯಬೇಕಾದ ನಿರ್ಣಾಯಕ ಭಾಗವು ಚಿಕ್ಕದರಲ್ಲಿ ೩೨ ನ್ಯಾನೋಕೂಲಂಬಿನವರೆಗೆ, ದೊಡ್ಡದರಲ್ಲಿ ೧೧೦ರವರೆಗೆ ಇರುತ್ತದೆಂದು ತಯಾರಕರ ಪಟ್ಟಿಗಳು ಹೇಳುತ್ತವೆ. ೨೨ ಓಮಿನ ಮೂಲಕ ಹೊರಹೋಗುವ ಪ್ರವಾಹ ಸುಮಾರು ೦.೨ ಆಂಪಿಯರ್. ಆದುದರಿಂದ ಆ ಭಾಗವನ್ನು ತೆಗೆಯಲು ಚಿಕ್ಕದಕ್ಕೆ ೧೬೦ ನ್ಯಾನೋಸೆಕೆಂಡು, ದೊಡ್ಡದಕ್ಕೆ ೫೫೦ ಬೇಕು. ವಿರಾಮವಿರುವುದು ೩೦೦ ಮಾತ್ರ. ದೊಡ್ಡದು ಮುಚ್ಚಿ ಮುಗಿಯುವ ಮೊದಲೇ ಜೊತೆಯದು ತೆರೆಯುತ್ತಿತ್ತು. ಔಷಧವೆಂದು ಕೊಟ್ಟದ್ದೇ ಹೊಸದೊಂದು ರೋಗವಾಯಿತು.

ಕಡಿಮೆ ವೋಲ್ಟೇಜಿನಲ್ಲಿ ಚಿಕ್ಕವು ಬದುಕಿದ್ದೇಕೆ? ೩೨೫ ವೋಲ್ಟ್ ೩೦ರ ಸುಮಾರು ಹನ್ನೊಂದರಷ್ಟು. ದೋಷವೊಂದು ಎರಡು ಬಾಗಿಲುಗಳನ್ನು ಕ್ಷಣಕಾಲ ತೆರೆಯಿಸಿದರೆ ಒಂದೇ ರೋಧದ ದಾರಿಯಲ್ಲಿ ಹುಟ್ಟುವ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಸುಮಾರು ೧೧೭ ಪಟ್ಟು ಹೆಚ್ಚುತ್ತದೆ. ಅಲ್ಲದೆ ಸುಳ್ಳು ಜಾಗೃತಿಯ ಬೀಜವಾದ ವೋಲ್ಟೇಜಿನ ನೆಗೆತವೂ ಅಲ್ಲಿ ಅಲ್ಪ. ಕಡಿಮೆ ವೋಲ್ಟೇಜಿನಲ್ಲಿ ದೋಷವಿಲ್ಲವೆಂದಲ್ಲ, ಅದು ಮಲಗಿರುತ್ತದೆ.

ಹಾಗಾದರೆ ಟ್ರಾನ್ಸಿಸ್ಟರನ್ನು ಬಲಿ ಕೊಡದೆ ಅದನ್ನು ಕಾಣುವುದು ಹೇಗೆ? ಮತ್ತೆ ಚಿಕ್ಕ ಟ್ರಾನ್ಸಿಸ್ಟರುಗಳನ್ನೂ ಹೊಸ ಚಾಲಕ ಐಸಿಯನ್ನೂ ಹಾಕಿ, ೬೦ ವೋಲ್ಟಿನಲ್ಲಿ ಕೆಳಗಿನ ಗೇಟನ್ನು ಆಸಿಲೋಸ್ಕೋಪಿನಲ್ಲಿ ನೋಡುತ್ತಾರೆ. ಮೇಲಿನದು ತೆರೆದಾಗಲೆಲ್ಲ ಮುಚ್ಚಿರಬೇಕಾದ ಕೆಳಗಿನ ಗೇಟಿನಲ್ಲಿ ೧ ವೋಲ್ಟಿನ ಗುಬ್ಬಿ ಏಳುತ್ತದೆ. ೧೨೦ ವೋಲ್ಟಿಗೆ ಏರಿಸಿದರೆ ಗುಬ್ಬಿ ೨ ವೋಲ್ಟ್. ಇಲ್ಲಿಗೇ ನಿಲ್ಲಿಸಿ ಕಾಗದದ ಮೇಲೆ ಲೆಕ್ಕ ಮಾಡಿದರೆ ಸಾಕು. ೩೨೫ರಲ್ಲಿ ಅದು ೫.೪ ವೋಲ್ಟಿನ ಸಮೀಪಕ್ಕೆ ಬರುತ್ತದೆ. ಹೊಸ್ತಿಲು ೨ರಿಂದ ೪. ಕಾರಣವು ಸಿಕ್ಕಿತು.

ಪರಿಹಾರಕ್ಕೆ ವಿಶೇಷ ವೆಚ್ಚವಿಲ್ಲ. ಪ್ರತಿ ಗೇಟ್ ರೋಧಕಕ್ಕೂ ಅಡ್ಡಲಾಗಿ, ಮುಚ್ಚುವಾಗ ಪ್ರವಾಹವು ಸಲೀಸಾಗಿ ಹೊರಹೋಗುವಂತೆ, ಒಂದು ಶಾಟ್ಕಿ ಡಯೋಡನ್ನು ಇಡುತ್ತಾರೆ. ತಂತಿಗಳನ್ನು ೩ ಸೆಂಟಿಮೀಟರಿಗೆ ಕತ್ತರಿಸಿ ಗೇಟಿನ ತಂತಿಯನ್ನೂ ಸೋರ್ಸಿನ ತಂತಿಯನ್ನೂ ಹೊಸೆಯುತ್ತಾರೆ. ವಿರಾಮಕಾಲವನ್ನು ೧ ಮೈಕ್ರೋಸೆಕೆಂಡಿಗೆ ಏರಿಸುತ್ತಾರೆ. ೧೨೦ ವೋಲ್ಟಿನ ಗುಬ್ಬಿಯು ಅರ್ಧ ವೋಲ್ಟಿಗೆ ಇಳಿಯುತ್ತದೆ. ಅದೇ ಲೆಕ್ಕದಲ್ಲಿ ೩೨೫ರಲ್ಲಿ ೧.೪ ವೋಲ್ಟ್, ಇದು ಹೊಸ್ತಿಲಿಗಿಂತ ಕೆಳಗೆ.

ಇಷ್ಟಕ್ಕೇ ತೃಪ್ತನಾಗದೆ ಗುರುವು ೧೨೦ ವೋಲ್ಟಿನಲ್ಲಿಯೇ ಡಯೋಡುಗಳನ್ನು ತೆಗೆಯಿಸಿ ಹಳೆಯ ಉದ್ದನೆಯ ತಂತಿಗಳನ್ನು ಮತ್ತೆ ಹಾಕಿಸುತ್ತಾನೆ. ಗುಬ್ಬಿ ಮರಳಿ ಏಳುತ್ತದೆ. ಪರಿಹಾರವನ್ನು ಮರುಜೋಡಿಸಿದರೆ ಅಡಗುತ್ತದೆ. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವಿಲ್ಲದಿರುವುದು ವ್ಯತಿರೇಕ. ಎರಡೂ ಕಂಡ ಮೇಲೆಯೇ ನಿಶ್ಚಯವುಂಟಾಗುವುದು. ಈ ಕೊನೆಯ ಹೆಜ್ಜೆಯನ್ನು ಇಡದೆ, ಯಾವುದನ್ನೋ ಬದಲಾಯಿಸಿದ ಬಳಿಕ ಯಂತ್ರ ನಡೆಯಿತೆಂದು ಸಂತೋಷಪಡುವುದು ಕಾಕತಾಳೀಯವನ್ನೇ ಸಿದ್ಧಾಂತವೆಂದು ನಂಬಿದಂತೆ.

೬. ಪರೀಕ್ಷಾಕ್ರಮ

ಮೇಲಿನ ದೃಷ್ಟಾಂತದಿಂದ ಎಲ್ಲ ಸೇತುಗಳಿಗೂ ಅನ್ವಯಿಸುವ ಕ್ರಮವೊಂದು ಸಿದ್ಧವಾಗುತ್ತದೆ.

ಮೊದಲನೆಯದಾಗಿ, ಕೆಪಾಸಿಟರನ್ನು ಬರಿದು ಮಾಡಿ, ಸತ್ತವನ್ನೆಲ್ಲ ಪಟ್ಟಿ ಮಾಡಬೇಕು. ಸುಟ್ಟ ಟ್ರಾನ್ಸಿಸ್ಟರಿನ ಜೊತೆಗೆ ಅದೇ ತೋಳಿನ ಸಂಗಾತಿಯನ್ನೂ ಚಾಲಕ ಐಸಿಯನ್ನೂ ಗೇಟ್ ರೋಧಕವನ್ನೂ ಬದಲಾಯಿಸಬೇಕು. ಅಳತೆಗೆ ಸರಿಯೆಂದು ಕಂಡ ಸಂಗಾತಿಯೂ ಒಳಗೆ ಪೆಟ್ಟು ತಿಂದಿರಬಹುದು.

ಎರಡನೆಯದಾಗಿ, ಉಚ್ಚ ವೋಲ್ಟೇಜನ್ನು ಕೊಡದೆ ಚಾಲಕ ಮಂಡಲಕ್ಕೆ ಮಾತ್ರ ಶಕ್ತಿ ಕೊಟ್ಟು ಸಂಕೇತಗಳನ್ನು ನೋಡಬೇಕು. ಅವು ಸರದಿಯಂತೆ ಬರುತ್ತವೆಯೇ, ವಿರಾಮಕಾಲವಿದೆಯೇ, ಗೇಟಿಗೆ ೧೦ ವೋಲ್ಟಿಗಿಂತ ಕಡಿಮೆಯಿಲ್ಲದೆ ದೊರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಮೇಲಿನ ಚಾಲಕಗಳು ಕೆಳಗಿನ ಟ್ರಾನ್ಸಿಸ್ಟರು ತೆರೆದಾಗ ತುಂಬುವ ಪುಟ್ಟ ಕೆಪಾಸಿಟರಿನಿಂದ ಬದುಕುವ ಮಾದರಿಯವಾದರೆ, ಆ ಕೆಪಾಸಿಟರು ತುಂಬುತ್ತಿದೆಯೇ ಎಂಬುದನ್ನೂ ನೋಡಬೇಕು.

ಮೂರನೆಯದಾಗಿ, ಪ್ರವಾಹದ ಮಿತಿಯನ್ನು ಕಟ್ಟಬಲ್ಲ ಪ್ರಯೋಗಾಲಯದ ವಿದ್ಯುನ್ಮೂಲದಿಂದ ೩೦ ವೋಲ್ಟ್ ಕೊಡಬೇಕು. ಹೊರೆಯಿಲ್ಲದಿದ್ದರೂ ಪ್ರವಾಹವು ಅತಿಯಾಗಿ ಹರಿದರೆ ಅಲ್ಲಿಗೇ ನಿಲ್ಲಿಸಬೇಕು.

ನಾಲ್ಕನೆಯದಾಗಿ, ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವಾಗ ದೀಪವನ್ನು ಕಾವಲಿಗೆ ಇಡಬೇಕು. ಇದರಲ್ಲಿ ಒಂದು ಸೂಕ್ಷ್ಮವಿದೆ. ಬಲ್ಬನ್ನು ಮನೆಯ ವಿದ್ಯುತ್ತಿನ ಕಡೆ ಸರಣಿಯಲ್ಲಿ ಜೋಡಿಸುವುದು ರೂಢಿ. ಆದರೆ ದೊಡ್ಡ ಕೆಪಾಸಿಟರು ಬಲ್ಬಿನ ಈಚೆಗಿದ್ದರೆ ಅದರಲ್ಲಿ ತುಂಬಿದ ೫೩ ಜೂಲ್ ಯಾವ ತಡೆಯೂ ಇಲ್ಲದೆ ಟ್ರಾನ್ಸಿಸ್ಟರಿನ ಮೇಲೆ ಬೀಳುತ್ತದೆ. ಬಲ್ಬು ಇರಬೇಕಾದದ್ದು ದೊಡ್ಡ ಕೆಪಾಸಿಟರಿಗೂ ಸೇತುವಿಗೂ ನಡುವೆ. ಸೇತುವಿನ ಬುಡದಲ್ಲಿ ೧ ಮೈಕ್ರೋಫ್ಯಾರಡಿನ ಫಿಲ್ಮ್ ಕೆಪಾಸಿಟರು ಮಾತ್ರ ಉಳಿಯಬೇಕು. ಅದರ ಶಕ್ತಿ ೫೩ ಜೂಲಿನ ಸಾವಿರದಲ್ಲೊಂದು ಭಾಗ. ೩೨೫ ವೋಲ್ಟಿಗೆ ೨೩೦ ವೋಲ್ಟಿನ ಎರಡು ಬಲ್ಬುಗಳನ್ನು ಸರಣಿಯಲ್ಲಿಡಬೇಕು. ಅವು ಲೋಹದ ತಂತಿಯುಳ್ಳ ಹಳೆಯ ಮಾದರಿಯವೇ ಆಗಬೇಕು. ಎಲ್‌ಇಡಿ ದೀಪಗಳು ಈ ಕೆಲಸಕ್ಕೆ ಬಾರವು. ದೋಷವಿದ್ದರೆ ಬಲ್ಬುಗಳು ಬೆಳಗುತ್ತವೆ. ಟ್ರಾನ್ಸಿಸ್ಟರುಗಳು ಸಾಮಾನ್ಯವಾಗಿ ಉಳಿಯುತ್ತವೆ.

ಐದನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಬದಲಾಯಿಸಿದ್ದನ್ನೂ ಕಂಡದ್ದನ್ನೂ ಬರೆಯಬೇಕು. ಬಲ್ಬುಗಳನ್ನು ತೆಗೆದು ಪೂರ್ಣ ಹೊರೆಯನ್ನು ಹಾಕುವುದು ಇವೆಲ್ಲ ಮುಗಿದ ಮೇಲಿನ ಮಾತು. ಆಗಲೂ ಅರ್ಧ ಗಂಟೆ ನಡೆಸಿ, ಆರಿಸಿ, ಕೆಪಾಸಿಟರನ್ನು ಬರಿದು ಮಾಡಿ, ಹೀಟ್ ಸಿಂಕಿನ ಬಿಸಿಯನ್ನು ನೋಡಬೇಕು.

೭. ಉಪಸಂಹಾರ

ಇಂದಿನ ಉತ್ತಮ ಚಾಲಕ ಐಸಿಗಳಲ್ಲಿ ಟ್ರಾನ್ಸಿಸ್ಟರಿನ ಮೇಲಿನ ವೋಲ್ಟೇಜನ್ನು ಸದಾ ಗಮನಿಸುತ್ತಿದ್ದು, ಶಾರ್ಟ್ ಆದೊಡನೆ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಗೇಟನ್ನು ಮುಚ್ಚುವ ವ್ಯವಸ್ಥೆಯಿದೆ. ಸಿಲಿಕಾನ್ ಕಾರ್ಬೈಡಿನ ಹೊಸ ಟ್ರಾನ್ಸಿಸ್ಟರುಗಳು ಇನ್ನೂ ವೇಗವಾಗಿ ತೆರೆದು ಮುಚ್ಚುತ್ತವೆ. ವೇಗ ಹೆಚ್ಚಿದಂತೆ ನೆಗೆತವೂ ಮುಳ್ಳುಗಳೂ ಹೆಚ್ಚುತ್ತವೆ. ಹೀಗಾಗಿ ಸಾಧನಗಳು ಸುಧಾರಿಸಿದಷ್ಟೂ ಅವುಗಳನ್ನು ಬಳಸುವವನ ವಿವೇಕವೂ ಸೂಕ್ಷ್ಮವಾಗಬೇಕಾಗಿದೆ.

ಆ ವಿವೇಕವು ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ. ಎಂಟು ಟ್ರಾನ್ಸಿಸ್ಟರುಗಳನ್ನು ಸುಟ್ಟ ಹುಡುಗನು ದಡ್ಡನೇನೂ ಅಲ್ಲ. ಅವನ ಕೈಗೆ ಬೆಸುಗೆಕಡ್ಡಿ ಬಂದಿತ್ತು, ಪ್ರಶ್ನೆ ಬಂದಿರಲಿಲ್ಲ. ಪ್ರಯೋಗಾಲಯಕ್ಕೆ ಆಸಿಲೋಸ್ಕೋಪನ್ನು ಕೊಡಿಸುವ ದ್ರವ್ಯದಾನವು ಶ್ಲಾಘ್ಯವಾದದ್ದು. ಅದರ ಪರದೆಯ ಮೇಲೆ ಏನನ್ನು ಹುಡುಕಬೇಕೆಂದು ಕಲಿಸುವ ಅಧ್ಯಾಪಕನು ಆ ದಾನವನ್ನು ಸಾರ್ಥಕಗೊಳಿಸುತ್ತಾನೆ. ಸತ್ತ ಟ್ರಾನ್ಸಿಸ್ಟರನ್ನು ಕಸದ ಬುಟ್ಟಿಗೆ ಎಸೆಯುವ ಮುನ್ನ ಅಂಗೈಯಲ್ಲಿಟ್ಟುಕೊಂಡು ಇದು ಏಕೆ ಸತ್ತಿತೆಂದು ಒಂದು ಗಳಿಗೆ ಯೋಚಿಸುವ ಅಭ್ಯಾಸವು ವಿದ್ಯಾರ್ಥಿಗೆ ಬಂದರೆ, ಮುಂದೆ ಅವನ ಕೈಯಲ್ಲಿ ಯಂತ್ರಗಳೂ ಉಳಿಯುತ್ತವೆ, ಅವನ ಪ್ರಾಣವೂ ಉಳಿಯುತ್ತದೆ.